ಹೀರೆಬಳ್ಳಿಯ ಮತ

ಗಿಡಬಳ್ಳಿಗಳಿಗೆ ಮಾತು ಬಂದು, ಮತದ ಹಕ್ಕೂ ಸಿಕ್ಕ ಮೇಲೆ ಅಪಾರ್ಟ್‌ಮೆಂಟಿನ ಸಭೆಗಳು ಬೇಗ ಮುಗಿದದ್ದೇ ಇಲ್ಲ. ಆ ಭಾನುವಾರವೂ ಎಲ್ಲರೂ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರ್ಯದರ್ಶಿ ಚಿದಾನಂದರಿಗೆ ತಾರಸಿ ತುಂಬ ಸೋಲಾರ್ ಬೇಕು. ಅಕ್ಕಿ ತೊಳೆದ ನೀರು ಹೊತ್ತು ತಂದು ಅಲ್ಲೇ ತೋಟ ಬೆಳೆಸಿದ ನಳಿನಾಕ್ಷಿಗೆ ಅದು ಬೇಡ.

"ಕರೆಂಟ್ ಉಳಿಸೋದೂ ಪರಿಸರಕ್ಕೇ ಅಲ್ವೇನ್ರೀ?" ಎಂದರು ಚಿದಾನಂದ.

"ಕರೆಂಟನ್ನ ಹುಳಿಗೆ ಹಾಕಕ್ಕಾಗತ್ತಾ?" ಎಂದಳು ನಳಿನಾಕ್ಷಿ.

ಮನೆಗಳ ಮತ ಸಮಸಮ ಬಿತ್ತು. ಉಳಿದದ್ದು ತೋಟದ ಒಂದು ಮತ. ಅದನ್ನು ಹಾಕುವ ಸರದಿ ಈ ಸಲ ಹೀರೆಬಳ್ಳಿಯದು. ನಳಿನಾಕ್ಷಿ ಗೆದ್ದೇಬಿಟ್ಟೆನೆಂದು ಸೆರಗು ಸರಿಮಾಡಿಕೊಂಡಳು.

"ನನ್ನ ಮತ ಸೋಲಾರಿಗೆ," ಎಂದಿತು ಬಳ್ಳಿ.

ಚಿದಾನಂದ ಚಪ್ಪಾಳೆ ತಟ್ಟಿದರು. ನಳಿನಾಕ್ಷಿ ಬಳ್ಳಿಯ ಕಡೆ ತಿರುಗಿದಳು. "ನಿಂಗೇನೇ ಕಡಿಮೆ ಮಾಡಿದ್ದೆ ನಾನು?"

"ಏನೂ ಇಲ್ಲಮ್ಮ. ಆದರೆ ಮಧ್ಯಾಹ್ನದ ಬಿಸಿಲು ತಡಕೊಳ್ಳಕ್ಕಾಗಲ್ಲ. ನಿಮ್ಮ ಹಳೇ ಸೀರೆ ಹಗ್ಗಕ್ಕೆ ಎಷ್ಟು ದಿನ ಜೋತಾಡ್ಲಿ? ಕೆಳಗೆ ಬಟ್ಟೆ ಒಣಗಿಸಕ್ಕೆ ಜಾಗ ಬಿಟ್ಟು, ಎಂಟಡಿ ಕಂಬದ ಮೇಲೆ ಪ್ಯಾನೆಲ್ ಕೂರಿಸ್ತೀವಿ ಅಂತ ಸಾರೇ ಠರಾವು ಓದಿದ್ರಲ್ಲ. ನಮ್ಮನ್ನ ತೆಗೀತೀವಿ ಅಂತ ಎಲ್ಲೂ ಓದ್ಲಿಲ್ಲ."

ಚಿದಾನಂದರ ಚಪ್ಪಾಳೆ ಅರ್ಧಕ್ಕೇ ನಿಂತಿತು. ನಳಿನಾಕ್ಷಿಗೆ ಮೆಲ್ಲಗೆ ನಗು ಬಂತು.

"ಚಪ್ಪರ ಯಾವಾಗ ಹಾಕಿಸ್ತೀರಿ ಸಾರ್?" ಎಂದು ಕೇಳಿತು ಹೀರೆಬಳ್ಳಿ. ಅದರ ಕುಡಿ ಆಗಲೇ ಅವರ ಕುರ್ಚಿಯ ಕಾಲನ್ನು ಸುತ್ತಿಕೊಂಡಿತ್ತು.