ನಲವತ್ತೆರಡು ಸೆಕೆಂಡು

ಆರು ತಿಂಗಳ ವರದಿಯಲ್ಲೂ ನಲವತ್ತೆರಡೇ ಸೆಕೆಂಡು. ಪೆನ್ನಿನ ಮುಚ್ಚಳ ತೆಗೆದಿದ್ದ ಅಕ್ಷಿತಾ ಅದನ್ನು ಮತ್ತೆ ಹಾಕಿದಳು.

ಅವಳು ಸಹಿ ಹಾಕಿದರೆ ಸೋಮವಾರದಿಂದ ಇನ್ನೂ ಮೂವತ್ತು ಆಸ್ಪತ್ರೆಗಳು ಇವರ ಕಂಪನಿಯ ವ್ಯವಸ್ಥೆಗೆ ಸೇರುತ್ತವೆ. ಯಾವ ಗುಂಪಿನ ರಕ್ತ ಎಲ್ಲಿ ಸಿಗುತ್ತದೆಂದು ವೈದ್ಯರು ನೋಡುವುದು ಇದರಲ್ಲೇ. ಬಲ್ಮಠದ ಈ ಆಫೀಸಿನ ಸರ್ವರ್ ನಿಂತರೆ ಪಕ್ಕದ್ದು ತಾನಾಗಿ ಎದ್ದು ಕೆಲಸ ಎತ್ತಿಕೊಳ್ಳಬೇಕು. ತಿಂಗಳಿಗೊಮ್ಮೆ ಮೊದಲನೆಯದನ್ನು ಬೇಕೆಂದೇ ನಿಲ್ಲಿಸಿ, ಎರಡನೆಯದು ಎಷ್ಟು ಸೆಕೆಂಡಿನಲ್ಲಿ ಏಳುತ್ತದೆ ಎಂದು ಪರೀಕ್ಷಿಸಿ ವರದಿ ಬರೆಯುವುದು ಅಶ್ವಿತ್‌ನ ಕೆಲಸ.

"ಪ್ರತಿ ಸಲವೂ ನಲವತ್ತೆರಡೇ ಸೆಕೆಂಡಾ?"

"ಒಳ್ಳೆಯದಲ್ವಾ? ರೈಲಾದ್ರೂ ತಡ ಆಗ್ತದೆ, ನಮ್ಮದು ಆಗುವುದಿಲ್ಲ," ಎಂದು ಅಶ್ವಿತ್ ನಕ್ಕ. "ಎಂತ ಮಾರಾಯ್ತಿ, ತೆಂಗಿನಕಾಯಿ ಕೊಳ್ಳುವವರ ಹಾಗೆ ಎಲ್ಲವನ್ನೂ ಅಲ್ಲಾಡಿಸಿ ನೋಡ್ತೀಯಲ್ಲ!"

"ಏಪ್ರಿಲ್ ಹನ್ನೆರಡು ನಿನ್ನ ಮದುವೆಯ ಮದರಂಗಿ. ಇಡೀ ಆಫೀಸು ಊಟಕ್ಕೆ ಬಿಜೈಯ ನಿಮ್ಮ ಮನೆಯಲ್ಲಿತ್ತು. ವರದಿಯಲ್ಲಿರುವ ಅವತ್ತಿನ ಪರೀಕ್ಷೆ ಮಾಡಿದ್ದು ಯಾರು?"

ಅಶ್ವಿತ್ ಮೌಸ್ ಆಡಿಸತೊಡಗಿದ. ಪರದೆಯ ಮೇಲೆ ಏನೂ ತೆರೆದಿರಲಿಲ್ಲ.

"ಲ್ಯಾಪ್‌ಟಾಪ್ ಇತ್ತಲ್ಲ. ಮನೆಯಿಂದಲೇ ಮಾಡಿದೆ."

"ಎರಡೂ ಕೈಗೆ ಮದರಂಗಿ ಹಚ್ಚಿಕೊಂಡು?"

"ಸಿಐಡಿ ಮೇಡಂ, ಒಮ್ಮೆ ಸಹಿ ಹಾಕಿ. ಯೋಗೀಶ್ ಸರ್ ಬೆಳಗ್ಗಿನಿಂದ ಮೂರು ಸಲ ಕೇಳಿಯಾಯ್ತು."

ಅಕ್ಷಿತಾ ಫೋನ್ ಎತ್ತಿಕೊಂಡಳು. ಈಗಾಗಲೇ ಸೇರಿದ್ದ ಹನ್ನೆರಡು ಆಸ್ಪತ್ರೆಗಳಿಗೂ ಒಂದಾದ ಮೇಲೊಂದು ಕರೆ ಮಾಡಿದಳು. ಕೊನೆಯ ಕರೆ ಬ್ಲಡ್ ಬ್ಯಾಂಕಿನ ನರ್ಸ್ ಲಿಲ್ಲಿಗೆ.

"ಸಿಸ್ಟರ್, ಈಗಿನ ಪಟ್ಟಿಯನ್ನು ಪ್ರಿಂಟ್ ತೆಗೆದಿಡಿ. ನಮ್ಮದು ಸ್ವಲ್ಪ ಹೊತ್ತು ನಿಲ್ಲಬಹುದು."

"ತೆಗೀತೇನೆ, ಈಗ ಆಪರೇಷನ್ ಎಂತದ್ದೂ ಇಲ್ಲ. ಆದ್ರೆ ನಿಮ್ಮದು ನಿಲ್ಲುವುದೇ ಇಲ್ಲ ಅಂತ ಹೇಳಿದ್ರಲ್ಲ ಮೇಡಂ?"

"ಅದನ್ನೇ ನೋಡುವುದು."

ಅವಳು ಎದ್ದು ಸರ್ವರ್ ಕೋಣೆಗೆ ಹೋದಳು. ಎರಡೂ ಯಂತ್ರಗಳ ಹಸಿರು ದೀಪಗಳು ಒಂದೇ ತೆರನಾಗಿ ಮಿನುಗುತ್ತಿದ್ದವು. ಯಾವುದಕ್ಕೆ ನಿಜವಾಗಿ ಜೀವವಿದೆಯೆಂದು ನೋಡಿ ಹೇಳುವಂತಿರಲಿಲ್ಲ. ಮೊದಲನೆಯದರ ಸ್ವಿಚ್ಚಿನ ಕಡೆ ಕೈ ಚಾಚಿದಳು.

"ನಲವತ್ತೆರಡು ಸೆಕೆಂಡು ಅಲ್ವಾ? ನಿಂತು ನೋಡುವ. ಎದ್ದ ಕೂಡಲೇ ಇಲ್ಲೇ ಸಹಿ ಹಾಕ್ತೇನೆ."

ಹಿಂದೆಯೇ ಓಡಿಬಂದ ಅಶ್ವಿತ್ ಸ್ವಿಚ್ಚಿಗೆ ತನ್ನ ಅಂಗೈ ಅಡ್ಡ ಹಿಡಿದ.

"ಬೇಡ ಅಕ್ಷಿತಾ."

"ಯಾಕೆ?"

ಎರಡನೆಯ ಯಂತ್ರ ಏಳುತ್ತದೆಂದು ಆರು ಸಲ ಬರೆದುಕೊಟ್ಟಿದ್ದವನು ಅವಳನ್ನೇ ಕೇಳಿದ:

"ಅದು ಏಳದಿದ್ರೆ?"