ಹಿತ್ತಲ ಜಗಲಿಯ ಮೂರು ಗೆರೆ

ಪಕ್ಕದ ಮನೆಯ ರಾಮಾಂಜಿನಪ್ಪನವರಿಂದ ಒಂದು ಹುಲ್ಲುಕಡ್ಡಿಯನ್ನೂ ತೆಗೆದುಕೊಳ್ಳುವುದಿಲ್ಲವೆಂದು ಶೀನಣ್ಣ ಆಣೆ ಮಾಡಿ ಮೂವತ್ತೊಂದು ವರ್ಷವಾಗಿತ್ತು. “ನಮ್ಮ ಕರಿಬೇವಿನ ಗಿಡ ಇಲ್ದಿದ್ರೆ ನಿಮ್ಮನೆ ಸಾರಿಗೆ ಒಗ್ಗರಣೆನೇ ಇಲ್ಲ” ಎಂದು ರಾಮಾಂಜಿನಪ್ಪ ನಾಲ್ಕು ಜನರೆದುರು ನಕ್ಕದ್ದೇ ಕಾರಣ. ಆ ಗಿಡದ ಕೊಂಬೆ ಕಾಂಪೌಂಡು ದಾಟಿ ಇವರ ಬಟ್ಟೆ ಒಣಗಿಸುವ ತಂತಿಯವರೆಗೆ ಬಾಗಿದೆ. ಆದರೂ ಶೀನಣ್ಣ ಕರಿಬೇವಿಗೆಂದು ವೈಯಾಲಿಕಾವಲಿನಿಂದ ಬಸ್ಸು ಹತ್ತಿ ಕೃಷ್ಣರಾಜ ಮಾರುಕಟ್ಟೆಗೆ ಹೋಗುತ್ತಾರೆ.

ಅಂಥವರ ಮನೆಯ ವೈಫೈಗೇ ರಾಮಾಂಜಿನಪ್ಪ ಕನ್ನ ಹಾಕಿದ್ದಾರೆಂದರೆ ಹೇಗೆ ಸಹಿಸುವುದು?

ಗುಮಾನಿಗೆ ಆಧಾರವಿತ್ತು. ರೂಟರ್ ಇದ್ದದ್ದು ಮುಂದಿನ ಹಾಲಿನಲ್ಲಿ. ಅಡುಗೆಮನೆಗೆ ಬರುವಷ್ಟರಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿಯುತ್ತಿತ್ತು. ಸೊಸೆ ಪ್ರತಿಭಾ ಹಚ್ಚಿದ ವಿಡಿಯೋ ಸುತ್ತುತ್ತಲೇ ಇರುತ್ತಿತ್ತು, ಒಲೆಯ ಮೇಲಿನ ಪಲ್ಯ ತಳ ಹಿಡಿಯುತ್ತಿತ್ತು. ಹಳೆ ಮನೆ, ಒಂದೂವರೆ ಅಡಿ ದಪ್ಪದ ಗೋಡೆ, ಸಿಗ್ನಲ್ ದಾಟುವುದಿಲ್ಲ ಎಂದು ಮಗ ಮನೋಹರ್ ಸಮಾಧಾನ ಹೇಳಿದ.

“ಅಡುಗೆಮನೆಗಿಂತ ಆಚೆ, ಹಿತ್ತಲ ಜಗಲೀಲಿ ಕೂತ್ರೆ ನನ್ನ ಫೋನಿಗೆ ಮೂರೂ ಗೆರೆ ಬರುತ್ತಲ್ಲೋ? ಗೋಡೆ ನನಗೊಬ್ಬನಿಗೆ ದಾರಿ ಬಿಡುತ್ತಾ?”

ಮನೋಹರ್ ಎದ್ದು ರೂಟರಿನ ಕಡ್ಡಿಗಳನ್ನು ಅತ್ತಿತ್ತ ತಿರುಗಿಸಿ ನೋಡಿದ. ಎರಡು ವರ್ಷದ ಹಿಂದೆ ತಾತನ ಫೋನಿಗೆ ವೈಫೈ ಹಾಕಿಕೊಟ್ಟಿದ್ದ ಮೊಮ್ಮಗಳು ಅಕ್ಷಯಾ ನೀರು ಕುಡಿಯಲು ಎದ್ದು ಹೋದಳು.

ಪಾಸ್‌ವರ್ಡ್ ಬದಲಾಯಿತು. ಒಂದಲ್ಲ, ಒಂದೇ ತಿಂಗಳಲ್ಲಿ ಐದು ಸಲ. ಪ್ರತಿ ಸಲವೂ ಟಿವಿ, ಲ್ಯಾಪ್‌ಟಾಪ್, ಪ್ರತಿಭಾಳ ಫೋನು ಎಲ್ಲವೂ ಹೊಸ ಪಾಸ್‌ವರ್ಡ್ ಕೇಳಿ ಪ್ರಾಣ ತಿನ್ನುತ್ತಿದ್ದವು. ಶೀನಣ್ಣನವರ ಫೋನು ಮಾತ್ರ ಒಮ್ಮೆಯೂ ಕೇಳಲಿಲ್ಲ. ಯಜಮಾನ ಯಾರೆಂದು ರೂಟರಿಗೂ ಗೊತ್ತು ಎಂದು ಅವರು ಮೀಸೆಯಡಿ ನಕ್ಕರು.

ಒಂದು ದಿನ ರಾಮಾಂಜಿನಪ್ಪನೇ ಕಾಂಪೌಂಡಿನ ಮೇಲಿಂದ ಇಣುಕಿ, ನೆಟ್ ಚೆನ್ನಾಗಿ ಬರುತ್ತಿದೆಯಾ ಎಂದು ವಿಚಾರಿಸಿದರು. ಶೀನಣ್ಣನಿಗೆ ಉರಿದುಹೋಯಿತು.

“ಬರದೇ ಏನು? ಬೇಕಾದೋರು ಬಾಯಿಬಿಟ್ಟು ಕೇಳ್ಬೇಕು ಸ್ವಾಮಿ. ಕದಿಯೋದಲ್ಲ.”

“ಅದೇ ಮತ್ತೆ. ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ?” ಎಂದರು ರಾಮಾಂಜಿನಪ್ಪ, ತಣ್ಣಗೆ. ಅವರ ಹೆಂಡತಿ ಮುನಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಭಂಡತನ ಎಂದರೆ ಇದು ಎಂದುಕೊಂಡರು ಶೀನಣ್ಣ.

ಭಾನುವಾರ. ಜಗಲಿಯಲ್ಲಿ ಶೀನಣ್ಣ, ಕೈಯಲ್ಲಿ ಫೋನು, ಫೋನಿನಲ್ಲಿ ಕ್ರಿಕೆಟ್. ಕೊನೆಯ ಓವರು, ಒಂಬತ್ತು ರನ್ನು ಬೇಕು. ಪಕ್ಕದ ಗೇಟಿನಲ್ಲಿ ಟ್ಯಾಕ್ಸಿ ನಿಂತಿತ್ತು. ರಾಮಾಂಜಿನಪ್ಪ ದಂಪತಿ ಮೂರು ದಿನಕ್ಕೆ ಊರಿಗೆ ಹೊರಟಿದ್ದರು. ಗ್ಯಾಸ್ ತಿರುಗಿಸಿದ್ದಾಯಿತೇ, ನಲ್ಲಿ ನಿಲ್ಲಿಸಿದ್ದಾಯಿತೇ ಎಂದು ಮುನಿಯಕ್ಕ ಕೂಗಿ ಕೇಳುತ್ತಿದ್ದರು. ಬೌಲರ್ ಓಡಿಬಂದ. ಪಕ್ಕದ ಮನೆಯಲ್ಲಿ ಮೇನ್ ಸ್ವಿಚ್ಚು ಟಕ್ ಎಂದಿತು.

ಬೌಲರ್ ಕೈಯೆತ್ತಿದವನು ಹಾಗೇ ನಿಂತುಬಿಟ್ಟ.

ಶೀನಣ್ಣ ಫೋನು ತಟ್ಟಿದರು, ಅಲ್ಲಾಡಿಸಿದರು. ಒಳಗೆ ಓಡಿದರು. ಫ್ಯಾನು ತಿರುಗುತ್ತಿತ್ತು. ರೂಟರಿನ ದೀಪಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಹಾಲಿನ ಟಿವಿಯಲ್ಲಿ ಪ್ರತಿಭಾ ನೋಡುತ್ತಿದ್ದ ಧಾರಾವಾಹಿ ನಿರಾತಂಕವಾಗಿ ಓಡುತ್ತಿತ್ತು. ಬಾಗಿಲ ಮರೆಯಲ್ಲಿ ಅಕ್ಷಯಾ ಉಗುರು ಕಚ್ಚುತ್ತ ನಿಂತಿದ್ದಳು.

ಏನೂ ಅರ್ಥವಾಗದೆ ಅವರು ಜಗಲಿಗೆ ಮರಳಿದಾಗ, ಕರಿಬೇವಿನ ಕೊಂಬೆ ಸರಿಸಿ ರಾಮಾಂಜಿನಪ್ಪ ಇಣುಕಿದರು.

“ಮರ್ತೇಬಿಟ್ಟಿದ್ದೆ ಶೀನಣ್ಣ. ನಿಮ್ ಮೊಮ್ಮಗಳು ಮುನಿಯಕ್ಕನ ಹತ್ರ ಪಾಸ್‌ವರ್ಡ್ ಇಸ್ಕೊಂಡು ಹೋದಾಗಿಂದ ನಾವು ರೂಟರ್ ಆಫ್ ಮಾಡಿದ್ದೇ ಇಲ್ಲ. ಮತ್ತೆ ಮೇನ್ ಹಾಕಿ, ಅದೊಂದು ಆನ್ ಇಟ್ಟು ಹೋಗ್ಲಾ?”

ಶೀನಣ್ಣ ಕೊಂಬೆಯನ್ನು ನೋಡಿದರು. ಕೈಯೆತ್ತಿ ನಿಂತೇ ಇದ್ದ ಬೌಲರನನ್ನು ನೋಡಿದರು. ಇನ್ನೂ ಒಂಬತ್ತು ರನ್ನು ಬೇಕಿತ್ತು.

“ಇಟ್ಟು ಹೋಗಿ,” ಎಂದರು.

ಆಣೆ ಮುರಿದು ಎರಡು ವರ್ಷವಾಗಿತ್ತು.