ಕುರಿಯ ಬೀಗರು

ಗೋಡೆಯ ಪರದೆಯಲ್ಲಿ ಆಟದ ಕುರಿ ಸಾಕದ ಮನೆ ಈಗ ಯಾವ ಊರಿನಲ್ಲೂ ಇಲ್ಲ. ಕುರಿಗಳನ್ನು ಜೋಡಿ ಮಾಡಿದರೆ ಎರಡೂ ಮನೆಯವರು ಬೀಗರಾಗುತ್ತಾರೆ, ಹಬ್ಬಕ್ಕೆ ಹೋಳಿಗೆ ಕಳಿಸಿಕೊಳ್ಳುತ್ತಾರೆ. ಹುಟ್ಟುವ ಮರಿಗೆ ಯಾರ ಕೊಂಬು, ಯಾರ ನಡಿಗೆ ಬರಬೇಕೆಂದು ಆಟದ ಕಂಪನಿಯಲ್ಲಿ ಕೂತು ಬರೆಯುವ ಸುಗುಣ ಮಾತ್ರ ಕುರಿ ಸಾಕುವಂತಿಲ್ಲ. ಅದು ಕಂಪನಿಯ ನಿಯಮ. ಹಾಗಾಗಿ ಅವಳಿಗೆ ಬೀಗರೂ ಇಲ್ಲ.

ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡ ವಾರ, ಅವರು ಉಣ್ಣುವಾಗ ಗುನುಗುತ್ತಿದ್ದ ಅಭ್ಯಾಸವನ್ನು ಸುಗುಣ ಒಂದು ಹೆಣ್ಣುಕುರಿಯೊಳಗೆ ಗುಟ್ಟಾಗಿ ಬರೆದಿಟ್ಟಿದ್ದಳು. ತಾಯಿ, ತಂದೆ ಇಬ್ಬರ ಕಡೆಯಿಂದಲೂ ಬಂದರಷ್ಟೇ ಅದು ಮರಿಯಲ್ಲಿ ಕಾಣುವ ಹಾಗೆ. ಅಂದಿನಿಂದ ಯಾವ ಮರಿಯೂ ಗುನುಗಿರಲಿಲ್ಲ.

ಇಂದು ಮಧ್ಯಾಹ್ನ ಊಟದ ಹೊತ್ತಿಗೆ ಗದಗಿನ ನೀಲಗಂಗವ್ವ ದೂರು ಹೇಳಲು ಫೋನ್ ಮಾಡಿದರು. "ನಮ್ಮ ಮರಿ ಮೇಯುಮುಂದ ಹಾಡಿನಂಗ ಗುನುಗತೈತ್ರಿ. ಅದರ ಅವ್ವಗೂ ಇಲ್ಲ, ಅಪ್ಪಗೂ ಇಲ್ಲ. ಎಲ್ಲಿಂದ ಬಂತ್ರಿ ಇದು?"

ಸುಗುಣ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಚೆ ಬದಿಯಲ್ಲಿ ಮರಿ ಮೇಯುತ್ತ ಗುನುಗುತ್ತಿತ್ತು, ಅಮ್ಮನದೇ ಧಾಟಿ.

"ಅದರ ಅಜ್ಜಿಯಿಂದ ಬಂದದ್ದಮ್ಮ, ಅವ್ವನ ಕಡೆಗೂ ಅಪ್ಪನ ಕಡೆಗೂ ಅಜ್ಜಿ ಒಬ್ಬಳೇ. ಬೇಡ ಅಂದ್ರೆ ತೆಗೀತೀನಿ."

"ಅಯ್ಯ, ಅಜ್ಜೀದಂದ್ರ ತೆಗೀಬ್ಯಾಡ್ರಿ! ಆ ಅಜ್ಜಿ ಯಾರ ಮನಿಯಾಕಿ ಹೇಳ್ರಿ. ಅವರೂ ನಮಗ ಬೀಗರಾದ್ರಲ್ಲ, ಈ ಹಬ್ಬಕ್ಕ ಹೋಳಿಗಿ ಕಳಿಸ್ತೀನಿ."

ಸುಗುಣಳಿಗೆ ತನ್ನ ವಿಳಾಸ ಬಾಯಿಯವರೆಗೂ ಬಂದಿತ್ತು.

"ಆ ಮನೇಲಿ ಈಗ ಯಾರೂ ಇಲ್ಲಮ್ಮ," ಎಂದು ಫೋನಿಟ್ಟು, ಊಟದ ಡಬ್ಬಿಯ ಮುಚ್ಚಳ ತೆಗೆದಳು. ಮೊದಲ ತುತ್ತಿಗೇ ಅವಳ ಗಂಟಲಿನಲ್ಲೂ ಗುನುಗು ತಾನಾಗಿ ಎದ್ದಿತು.